ಅರಿಶಿನದ ಮೂರು ಚುಕ್ಕೆ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ಅಂಗಡಿಯ ಅರಿಶಿನ ಪುಡಿಯನ್ನು ತೆಳುಪದರ ಕ್ರೊಮ್ಯಾಟೊಗ್ರಫಿಯಲ್ಲಿ, ಅಂದರೆ ಟಿಎಲ್‌ಸಿಯಲ್ಲಿ ಪರೀಕ್ಷಿಸಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸಿಲಿಕಾ ಪುಡಿ ಬಳಿದ ಪ್ಲೇಟಿನ ಕೆಳಗಿನ ಗೆರೆಯ ಮೇಲೆ ಮಾದರಿಯ ಚುಕ್ಕೆ ಇಟ್ಟು, ದ್ರಾವಕ ಮೇಲೇರುವಾಗ ಅದರಲ್ಲಿರುವ ವಸ್ತುಗಳು ಬೇರೆಬೇರೆ ಎತ್ತರಕ್ಕೆ ಸರಿಯುವುದನ್ನು ನೋಡುವ ಪರೀಕ್ಷೆ ಅದು. ಭಾಷೆ ಸಲೀಸಾಗಿದೆ. ಕಾಲೇಜಿನ ಲ್ಯಾಬಿನಲ್ಲಿ ಕೈಯಾರೆ ಮಾಡಿದ್ದನ್ನೇ ಬರೆದಿದ್ದೀರಿ, ಅದು ಖುಷಿ ಕೊಟ್ಟಿತು. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ನನ್ನಿಂದ ಆಗುವುದಿಲ್ಲ. ಮೂರನೇ ಪುಟ ಓದುವಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಉಳಿದ ಪುಟಗಳ ಬಗ್ಗೆ ಈಗ ಮಾತು ಬೇಡ. ಆ ಒಂದು ಪ್ಯಾರಾ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಮ್ಮ ಸಾಲುಗಳು ಇವು: “ಪ್ಲೇಟಿನ ಮೇಲೆ ಬಣ್ಣಗಳ ಓಕುಳಿಯೇ ನಡೆದಿತ್ತು. ಮೂರು ಹಳದಿ ಚುಕ್ಕೆಗಳು ಎದ್ದು ಕಂಡವು. ಮೇಲಿನ ಚುಕ್ಕೆಯ ಆರ್‌ಎಫ್ ಪುಸ್ತಕದಲ್ಲಿರುವ ಕರ್ಕ್ಯುಮಿನ್ನಿನ ಸಂಖ್ಯೆಗೆ ಹೊಂದಿಕೆಯಾಯಿತು. ಉಳಿದ ಎರಡು ಕಲಬೆರಕೆಯ ಬಣ್ಣಗಳೆಂದು ಸಾಬೀತಾಯಿತು.” ಅದರ ಮುಂದಿನ ಸಾಲಿನಲ್ಲಿ ಪುಡಿ ಕೊಂಡ ಅಂಗಡಿಯ ಹೆಸರು, ಬೀದಿಯ ಹೆಸರು ಎರಡೂ ಇವೆ.

ಮೊದಲು ಕೊನೆಯ ವಾಕ್ಯವನ್ನೇ ತೆಗೆದುಕೊಳ್ಳೋಣ. ನನಗೆ ನಿದ್ದೆ ಕೆಡಿಸಿದ್ದು ಅದೇ. ಅಪ್ಪಟ ಅರಿಶಿನದಲ್ಲೇ ಮೂರು ಹಳದಿ ಚುಕ್ಕೆ ಬರುತ್ತವೆ! ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್ ಒಂದೇ ಅಲ್ಲ. ಅದರ ಜೊತೆಗೆ ಡೀಮೆಥಾಕ್ಸಿಕರ್ಕ್ಯುಮಿನ್, ಬಿಸ್‌ಡೀಮೆಥಾಕ್ಸಿಕರ್ಕ್ಯುಮಿನ್ ಎಂಬ ಇನ್ನೆರಡು ಇವೆ. ದ್ರಾವಕವಾಗಿ ನೀವು ಬಳಸಿದ್ದು 95 ಪಾಲು ಕ್ಲೋರೊಫಾರ್ಮ್, 5 ಪಾಲು ಮೆಥನಾಲ್. ಆ ಮಿಶ್ರಣದಲ್ಲಿ ಕರ್ಕ್ಯುಮಿನ್ ಎಲ್ಲಕ್ಕಿಂತ ಮೇಲೆ, ಒಂದು ಮೆಥಾಕ್ಸಿ ಗುಂಪು (ಅಣುವಿಗೆ ಅಂಟಿದ ಒಂದು ಪುಟ್ಟ ತುಣುಕು) ಕಡಿಮೆ ಇರುವುದು ನಡುವೆ, ಎರಡೂ ಇಲ್ಲದ್ದು ಕೆಳಗೆ ನಿಲ್ಲುತ್ತವೆ. ಕಾರಣವೂ ಗೊತ್ತಿರುವುದೇ. ಮೆಥಾಕ್ಸಿ ಗುಂಪು ಪಕ್ಕದ ಓಎಚ್ (ಆಮ್ಲಜನಕ–ಹೈಡ್ರೋಜನ್) ಗುಂಪನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ. ಅದು ಇಲ್ಲದಿದ್ದರೆ ಆ ಓಎಚ್ ಬಿಡುವಾಗಿ ಸಿಲಿಕಾವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿತ ಜಾಸ್ತಿಯಾದಷ್ಟೂ ಚುಕ್ಕೆ ಮೇಲೇರುವುದು ಕಡಿಮೆ. ನೀವು ಕಲಬೆರಕೆ ಎಂದ ಎರಡು ಚುಕ್ಕೆಗಳು ಬಹುಪಾಲು ಇವೇ. ಅವು ಆ ಪುಡಿ ಅರಿಶಿನವೇ ಎಂದು ಹೇಳುತ್ತಿದ್ದವು. ನೀವು ಅದನ್ನೇ ಹಿಡಿದು ಅಂಗಡಿಯವನ ಮೇಲೆ ದೂರು ಬರೆದಿರಿ.

ಅಂಗಡಿಯ ಹೆಸರನ್ನು ಹಸ್ತಪ್ರತಿಯಲ್ಲಿ ನಾನೇ ಹೊಡೆದುಹಾಕಿದ್ದೇನೆ. ಒಬ್ಬ ಮನುಷ್ಯನ ದಿನದ ವ್ಯಾಪಾರದ ಮಾತು ಅದು. ಅಚ್ಚಾದ ಮೇಲೆ ತಿದ್ದುಪಡಿ ಹಾಕಿದರೆ ಯಾರು ಓದುತ್ತಾರೆ?

ಈಗ ಅದರ ಹಿಂದಿನ ವಾಕ್ಯ: “ಪುಸ್ತಕದಲ್ಲಿರುವ ಸಂಖ್ಯೆಗೆ ಹೊಂದಿಕೆಯಾಯಿತು.” ಆರ್‌ಎಫ್ ಅಂದರೆ ಚುಕ್ಕೆ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದ್ದು. ದ್ರಾವಕ 8 ಸೆಂಟಿಮೀಟರ್ ಏರಿ, ಚುಕ್ಕೆ 6 ಸೆಂಟಿಮೀಟರ್ ಏರಿದ್ದರೆ 0.75. ಲೆಕ್ಕ ಸುಲಭ. ಆದರೆ ಆ ಸಂಖ್ಯೆ ಕುದಿಬಿಂದುವಿನ ಹಾಗೆ ವಸ್ತುವಿಗೆ ಅಂಟಿಕೊಂಡದ್ದಲ್ಲ. ಸಿಲಿಕಾ ಗಾಳಿಯ ತೇವ ಹೀರುತ್ತದೆ. ತೇವ ಕುಡಿದ ಪ್ಲೇಟಿನಲ್ಲಿ ಹಿಡಿತ ಸಡಿಲವಾಗಿ ಚುಕ್ಕೆಗಳು ಇನ್ನೂ ಮೇಲಕ್ಕೆ ಹೋಗುತ್ತವೆ. ಅದಕ್ಕೇ ಪ್ಲೇಟನ್ನು ಮೊದಲು 110 ಡಿಗ್ರಿಯಲ್ಲಿ ಕಾಯಿಸಿ ಒಣಗಿಸುವ ಪದ್ಧತಿ. ನೀವು ಜುಲೈನಲ್ಲಿ, ಮಳೆ ಹಿಡಿದ ವಾರದಲ್ಲಿ ಮಾಡಿದ್ದು ಅಂತ ನೀವೇ ಬರೆದಿದ್ದೀರಿ. ಪ್ಲೇಟು ಕಾಯಿಸಿದ ಮಾತು ಎಲ್ಲೂ ಇಲ್ಲ. ಜಾಡಿಯೊಳಗೆ ದ್ರಾವಕದ ಆವಿ ತುಂಬುವ ತನಕ ಕಾದಿದ್ದೀರಾ? ಅದೂ ಇಲ್ಲ. ಹೀಗಿರುವಾಗ ಬೇರೆ ಯಾರೋ, ಬೇರೆ ಊರಿನ ಹವೆಯಲ್ಲಿ, ಬೇರೆ ಕಂಪನಿಯ ಪ್ಲೇಟಿನ ಮೇಲೆ ಪಡೆದ ಸಂಖ್ಯೆ ನಿಮ್ಮ ಸಂಖ್ಯೆಗೆ ಕೂಡಿಬಂದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕು?

ಪರಿಹಾರ ದೊಡ್ಡದೇನಲ್ಲ. ಗೊತ್ತಿರುವ ವಸ್ತುವನ್ನು ಅದೇ ಪ್ಲೇಟಿನ ಮೇಲೆ, ಅದೇ ಗೆರೆಯ ಮೇಲೆ, ಮಾದರಿಯ ಪಕ್ಕದಲ್ಲೇ ಇಡಬೇಕು. ಆಗ ತೇವ, ಬಿಸಿ, ಆವಿ ಎಲ್ಲವೂ ಎರಡಕ್ಕೂ ಒಂದೇ. ಈ ವಿದ್ಯೆ ಶುರುವಾದದ್ದೇ ಗಿಡಗಳಿಂದ. 1938ರಲ್ಲಿ ಖಾರ್ಕಿವ್‌ನಲ್ಲಿ ಇಜ್ಮೈಲೊವ್ ಮತ್ತು ಶ್ರೈಬರ್ ಗಾಜಿನ ಮೇಲೆ ಅಲ್ಯೂಮಿನಾ ತೆಳ್ಳಗೆ ಹರಡಿ ಪರೀಕ್ಷಿಸಿದ್ದು ಔಷಧ ಗಿಡಗಳ ಸಾರಗಳನ್ನು. 1950ರ ದಶಕದಲ್ಲಿ ಜರ್ಮನಿಯ ಇಗಾನ್ ಸ್ಟಾಲ್ ಸಿಲಿಕಾದ ಪದರವನ್ನು ಒಂದು ಅಳತೆಗೆ ತಂದ ಮೇಲೆ ಎಲ್ಲರೂ ಬಳಸತೊಡಗಿದರು. ಅಂದಿನಿಂದಲೂ ಪಕ್ಕದಲ್ಲಿಟ್ಟು ಹೋಲಿಸುವುದೇ ಇದರ ಜೀವಾಳ. ಲ್ಯಾಬಿನವರು ಕೊಳ್ಳುವ ಕರ್ಕ್ಯುಮಿನ್ ಪುಡಿಯಲ್ಲೂ ಸಾಮಾನ್ಯವಾಗಿ ಉಳಿದೆರಡು ಸೇರಿಕೊಂಡಿರುತ್ತವೆ. ನೀವು ಅದನ್ನು ಪಕ್ಕದಲ್ಲಿ ಇಟ್ಟಿದ್ದರೆ ಅಲ್ಲೂ ಮೂರು ಚುಕ್ಕೆ ಕಂಡು, ಆ ಸಂಜೆಯೇ ನಿಮಗೆ ಅನುಮಾನ ಹುಟ್ಟುತ್ತಿತ್ತು.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಬರವಣಿಗೆಗೆ ಬರುವ ಮೊದಲು ನಾನು ಗಿಡಮೂಲಿಕೆ ಔಷಧ ಮಾಡುವ ಒಂದು ಕಡೆ, ಗುಣಮಟ್ಟದ ಲ್ಯಾಬಿನಲ್ಲಿ ಸಹಾಯಕನಾಗಿದ್ದೆ. ಟಿಎಲ್‌ಸಿ ಕಲಿಸಿದವರು ಅಲ್ಲಿನ ಹಿರಿಯ ಕೆಮಿಸ್ಟ್, ಮೇಡಂ ಅಂತಲೇ ಕರೆಯುತ್ತಿದ್ದೆವು. ಆಗ ಮೊಬೈಲ್ ಕ್ಯಾಮೆರಾ ಇರಲಿಲ್ಲ. ಪ್ಲೇಟು ಒಣಗಿದ ಕೂಡಲೇ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಪ್ರತಿ ಚುಕ್ಕೆಯ ಅಂಚನ್ನು ಪೆನ್ಸಿಲಿನಲ್ಲಿ ತೆಗೆಯಬೇಕು. ಚುಕ್ಕೆ ಗುಂಡಗಿದೆಯಾ, ಬಾಲ ಎಳೆದಿದೆಯಾ, ಬಣ್ಣ ಏನು, 366 ನ್ಯಾನೋಮೀಟರಿನ ಯುವಿ (ಅತಿನೇರಳೆ) ಬೆಳಕಿನಲ್ಲಿ ಹೊಳೆಯುತ್ತದಾ, ಎಲ್ಲವನ್ನೂ ಬರೆಯಬೇಕು. ಮಾದರಿ ಯಾವುದು ಅಂತ ಹೇಳುತ್ತಿದ್ದುದು ಆಮೇಲೆ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನು ಹುಡುಕುತ್ತದೆ ಅನ್ನುವುದು ಅವರ ವಾದ. ಅವರ ಪ್ಲೇಟಿನಲ್ಲಿ ಯಾವಾಗಲೂ ಮೂರು ಸಾಲು: ಒಂದು ಬದಿ ಮಾದರಿ, ಇನ್ನೊಂದು ಬದಿ ಸ್ಟ್ಯಾಂಡರ್ಡ್ (ಗೊತ್ತಿರುವ ವಸ್ತು), ನಡುವೆ ಒಂದರ ಮೇಲೊಂದು ಎರಡನ್ನೂ ಇಟ್ಟದ್ದು. ನಡುವಿನ ಸಾಲಿನಲ್ಲಿ ಚುಕ್ಕೆ ಸೀಳದೆ ಒಂದೇ ಆಗಿ ಏರಿದರೆ ಮಾತ್ರ ‘ಹೊಂದುತ್ತದೆ’ ಅಂತ ಬರೆಯುತ್ತಿದ್ದರು. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಬರೆದವರಲ್ಲ.

ಒಮ್ಮೆ ಬ್ರಾಹ್ಮಿ ಅಂತ ಚೀಟಿ ಕಟ್ಟಿದ ಚೀಲ ಬಂತು. ನಮಗೆ ಬೇಕಾಗಿದ್ದು ನೀರುಬ್ರಾಹ್ಮಿ. ಅದರಲ್ಲಿ ಆ ಗಿಡದ ಗುರುತಿನ ವಸ್ತುಗಳಾದ ಬ್ಯಾಕೊಸೈಡ್‌ಗಳು ಇರಬೇಕು. ಕಣ್ಣಿಗೆ ಕಾಣದ ಚುಕ್ಕೆಗಳಿಗೆ ಬಣ್ಣ ಬರಿಸಲು ಪ್ಲೇಟಿಗೆ ಅನಿಸಾಲ್ಡಿಹೈಡ್–ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ ಬಿಸಿ ಮಾಡಿದೆವು. ಬೆಳ್ಳಗಿದ್ದ ಪ್ಲೇಟಿನ ಮೇಲೆ ನೇರಳೆ ಚುಕ್ಕೆಗಳು ನಿಧಾನಕ್ಕೆ ಮೂಡಿದವು. ಮಾದರಿಯ ಸಾಲಿನಲ್ಲಿ ಬ್ಯಾಕೊಸೈಡ್ ಜಾಗ ಖಾಲಿ. ಕಂಡಿದ್ದು ಏಷಿಯಾಟಿಕೊಸೈಡ್‌ಗೆ ಹೊಂದುವ ಚುಕ್ಕೆ. ಅದು ಒಂದೆಲಗದ ಗುರುತಿನ ವಸ್ತು, ಅಂದರೆ ಚೀಲದಲ್ಲಿದ್ದದ್ದು ಒಂದೆಲಗ. ಚಟ್ನಿ, ತಂಬುಳಿ ಮಾಡುವ ನಮ್ಮ ಅದೇ ಸೊಪ್ಪು. ಲ್ಯಾಬಿನಲ್ಲಿ ಎಲ್ಲರೂ ‘ಮೋಸ’ ಅಂದರು. ಮೇಡಂ ವರದಿಯಲ್ಲಿ ಬರೆದದ್ದು ಎರಡೇ ಸಾಲು: ಬ್ಯಾಕೊಸೈಡ್ ಕಾಣಲಿಲ್ಲ, ಏಷಿಯಾಟಿಕೊಸೈಡ್ ಸ್ಟ್ಯಾಂಡರ್ಡಿಗೆ ಹೊಂದುವ ಚುಕ್ಕೆ ಕಂಡಿದೆ. ಆಮೇಲೆ ಚೀಲ ಕಳಿಸಿದವನಿಗೆ ಫೋನ್ ಮಾಡಿ ವಿಚಾರಿಸಿದರು. ಅವನ ಊರಿನಲ್ಲಿ ಒಂದೆಲಗವನ್ನೇ ಬ್ರಾಹ್ಮಿ ಅನ್ನುತ್ತಾರೆ. ಕೇಳಿದ್ದನ್ನು ಅವನು ಪ್ರಾಮಾಣಿಕವಾಗಿಯೇ ಕೊಟ್ಟಿದ್ದ. ಆ ದಿನ ಅವರು ‘ಕಲಬೆರಕೆ’ ಅಂತ ಬರೆದಿದ್ದರೆ ಅವನ ಗತಿ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಇನ್ನು ಮೊದಲ ವಾಕ್ಯ, ಆ ಓಕುಳಿ. ಇದು ನನಗೆ ಸಹಿಸಲಾಗದ ಎರಡನೇ ವಿಷಯ. ಮೂರೇ ಚುಕ್ಕೆ, ಮೂರೂ ಹಳದಿ. ಓಕುಳಿ ಎಲ್ಲಿಂದ ಬಂತು? ನೀವು ಕಂಡದ್ದು ಅದಕ್ಕಿಂತ ಚೆನ್ನಾಗಿತ್ತು, ಅದನ್ನು ಬರೆಯಲಿಲ್ಲ ಅಷ್ಟೇ. ದ್ರಾವಕ ಸಿಲಿಕಾದಲ್ಲಿ ನೆನೆಯುತ್ತಾ ಏರುವಾಗ ಅದರ ಅಂಚು ಗಾಜಿನ ಹೊರಗಿನಿಂದಲೂ ಕಾಣುತ್ತದೆ. ಅಂಚು ಹಳದಿ ಚುಕ್ಕೆಯನ್ನು ಮುಟ್ಟಿದ ಕ್ಷಣ ಅದು ಅಲುಗುತ್ತದೆ, ಉದ್ದವಾಗುತ್ತದೆ, ಸ್ವಲ್ಪ ಹೊತ್ತಿಗೆ ನಡು ತೆಳ್ಳಗಾಗಿ ಕಡಿದು ಎರಡಾಗುತ್ತದೆ, ಆಮೇಲೆ ಮೂರು. ಒಂದೇ ಅಂದುಕೊಂಡಿದ್ದ ಬಣ್ಣ ಕಣ್ಣೆದುರೇ ಬೇರೆಬೇರೆಯಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಓದುಗರಿಗೆ ಅದನ್ನು ತೋರಿಸಿ. ಯಾವ ಹಳದಿ, ಯಾವುದು ದಟ್ಟ, ಯಾವುದು ಮಾಸಲು, ಎಷ್ಟು ಹೊತ್ತು ಹಿಡಿಯಿತು, ಬರೆಯಿರಿ.

ಕಲಬೆರಕೆ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅರಿಶಿನಕ್ಕೆ ಮೆಟಾನಿಲ್ ಯೆಲ್ಲೋ ಬೆರೆಸುವುದು ಹಳೆಯ ದಂಧೆ. ಅದು ಕಾರ್ಖಾನೆಯಲ್ಲಿ ತಯಾರಾಗುವ ಅಜೋ ಬಣ್ಣ, ಅದರಲ್ಲಿ ಸಿಲಿಕಾವನ್ನು ಬಿಗಿಯಾಗಿ ಹಿಡಿಯುವ ಸಲ್ಫೋನೇಟ್ ಗುಂಪು ಇದೆ. ನಿಮ್ಮ ದ್ರಾವಕದಲ್ಲಿ ಅದು ಹೊರಟ ಗೆರೆಯ ಹತ್ತಿರವೇ ಕೂತುಬಿಡಬೇಕು, ನೀವು ಹೇಳಿದ ಎತ್ತರಕ್ಕೆ ಏರಲಾರದು. ಅರಿಶಿನದ ಮೂರೂ ಚುಕ್ಕೆಗಳು 366ರ ಬೆಳಕಿನಲ್ಲಿ ಹೊಳೆಯುತ್ತವೆ, ಇಂಥ ಅಜೋ ಬಣ್ಣಗಳು ಸಾಮಾನ್ಯವಾಗಿ ಹೊಳೆಯುವುದಿಲ್ಲ. ನಿಮ್ಮ ಲ್ಯಾಬಿನಲ್ಲಿ ಯುವಿ ಪೆಟ್ಟಿಗೆ ಇದೆ ಅಂದಿದ್ದೀರಿ, ಅದರೊಳಗೆ ಒಮ್ಮೆ ಇಟ್ಟು ನೋಡಿ. ಇನ್ನೊಂದು ವಿಷಯ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಸೀಸದ ಕ್ರೋಮೇಟ್ ಸವರುತ್ತಿದ್ದುದು ಗೊತ್ತಾಗಿ 2019ರಲ್ಲಿ ಸರ್ಕಾರ ದಾಳಿ ಮಾಡಿ ದಂಡ ಹಾಕಬೇಕಾಯಿತು. ಅದು ಮೆಥನಾಲಿನಲ್ಲಿ ಕರಗುವುದೇ ಇಲ್ಲ, ಹಾಗಾಗಿ ನಿಮ್ಮ ಪ್ಲೇಟಿಗೆ ಬರುವುದೂ ಇಲ್ಲ. ಮೂರೇ ಚುಕ್ಕೆ ಕಂಡರೆ ಪುಡಿ ಶುದ್ಧ ಅಂತಲೂ ಬರೆಯುವ ಹಾಗಿಲ್ಲ.

ನಿಮ್ಮ ಮಾವನವರು ಚಾಮರಾಜನಗರದ ಕಡೆ ಅರಿಶಿನ ಬೆಳೆಯುತ್ತಾರೆ ಅಂತ ಲೇಖನದ ಶುರುವಿನಲ್ಲೇ ಬರೆದಿದ್ದೀರಿ. ಅಲ್ಲಿಂದ ಒಂದೆರಡು ಕೊಂಬು ತರಿಸಿ. ನೀವೇ ಕುಟ್ಟಿ ಪುಡಿ ಮಾಡಿ. ಅದನ್ನು, ಅಂಗಡಿಯ ಪುಡಿಯನ್ನು, ಲ್ಯಾಬಿನಲ್ಲಿದ್ದರೆ ಕರ್ಕ್ಯುಮಿನ್ ಮತ್ತು ಮೆಟಾನಿಲ್ ಯೆಲ್ಲೋವನ್ನು ಒಂದೇ ಪ್ಲೇಟಿನ ಮೇಲೆ ಇಡಿ. ಚುಕ್ಕೆ ಸಣ್ಣದಾಗಿರಲಿ. ಪ್ಲೇಟು ಕಾಯಿಸುವುದನ್ನು ಮರೆಯಬೇಡಿ. ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ, ಮಾಮೂಲಿ ಬೆಳಕಿನಲ್ಲಿ ಒಂದು, ಯುವಿಯಲ್ಲಿ ಒಂದು. ಮೂರನೇ ಪುಟವನ್ನು ಹೊಸದಾಗಿ ಬರೆದು, ಫೋಟೊ ಜೊತೆ ನನ್ನ ಹೆಸರಿಗೇ ಕಳಿಸಿ. ಅಂಗಡಿಯ ಪುಡಿಯಲ್ಲಿ ಏನು ಕಂಡರೂ ಸರಿ, ಏನೂ ಕಾಣದಿದ್ದರೂ ಸರಿ, ಪ್ರಕಟಿಸುತ್ತೇನೆ.

ಇಂತಿ,
ಸಂಪಾದಕ