ಸಾವಿರಕ್ಕೆ ಒಂದು ಕಮ್ಮಿ

ಓದುಗರೊಬ್ಬರ ಪತ್ರ: “ಜಾವಾದ ಪ್ರಂಬಾನನ್ ಗುಡಿಗಳನ್ನು ನೋಡಿ ಬಂದೆವು. ಗೈಡ್ ಅರ್ಧ ಗಂಟೆ ಅಜ್ಜಿಕತೆ ಹೇಳಿದ, ಇತಿಹಾಸ ಎರಡೇ ಮಾತಲ್ಲಿ ಮುಗಿಸಿದ. ದುಡ್ಡು ಕೊಟ್ಟು ಕಟ್ಟುಕತೆ ಕೇಳಬೇಕಾ? ಮುಂದೆ ನೇಪಾಳ, ಶ್ರೀಲಂಕಾಕ್ಕೆ ಹೊರಟಿದ್ದೇವೆ. ಅಲ್ಲೂ ಇದೇ ಗೋಳಾ?”

ಸಂಪಾದಕರ ಉತ್ತರ:

ಹೌದು, ಅಲ್ಲೂ ಇದೇ. ಆದರೆ ಆ ಗೈಡ್ ಮೇಲೆ ನಮಗೆ ಅಷ್ಟೇನೂ ಸಿಟ್ಟಿಲ್ಲ. ಅವನು ಹೇಳಿದ್ದು ರಾಜಕುಮಾರಿ ರೋರೋ ಜೊಂಗ್ರಾಂಗ್ ಕತೆ ತಾನೇ? ಅಪ್ಪನನ್ನು ಕೊಂದವನೇ ಮದುವೆಯಾಗು ಎಂದು ಗಂಟುಬಿದ್ದಾಗ ರಾಜಕುಮಾರಿ ಷರತ್ತು ಹಾಕುತ್ತಾಳೆ. ಬೆಳಗಾಗುವುದರೊಳಗೆ ಸಾವಿರ ಗುಡಿ ಕಟ್ಟಬೇಕು. ಅವನು ಭೂತಗಳನ್ನು ಕರೆದು 999 ಕಟ್ಟಿಸಿಬಿಡುತ್ತಾನೆ. ಗಾಬರಿಬಿದ್ದ ಇವಳು ಊರ ಹೆಂಗಸರನ್ನು ಎಬ್ಬಿಸಿ ಭತ್ತ ಕುಟ್ಟಿಸುತ್ತಾಳೆ, ಮೂಡಣಕ್ಕೆ ಬೆಂಕಿ ಹಚ್ಚಿಸುತ್ತಾಳೆ. ಬೆಳಗಾಯಿತೆಂದು ಕೋಳಿ ಕೂಗುತ್ತದೆ, ಭೂತಗಳು ಓಡಿಹೋಗುತ್ತವೆ. ಮೋಸ ತಿಳಿದವನು ಶಾಪ ಕೊಟ್ಟು ಇವಳನ್ನೇ ಸಾವಿರದ ಲೆಕ್ಕಕ್ಕೆ ಕಲ್ಲಾಗಿಸುತ್ತಾನೆ.

ಆ ಕಲ್ಲು ಯಾವುದು ಗೊತ್ತಾ? 47 ಮೀಟರ್ ಎತ್ತರದ ಶಿವನ ಗುಡಿಯ ಉತ್ತರದ ಕೋಣೆಯಲ್ಲಿದೆ. ಕಾಲಡಿ ಕೋಣ ಬಿದ್ದಿದೆ. ಮಹಿಷಮರ್ದಿನಿ! ನಿಮಗೂ ನಮಗೂ ಗುರುತು ಹಿಡಿಯಲು ಒಂದು ಕ್ಷಣ ಸಾಕು. 9ನೇ ಶತಮಾನದಲ್ಲಿ ಕಡೆದವರಿಗೂ ಆಕೆ ದುರ್ಗೆಯೇ. ಮುಂದಿನ ಶತಮಾನದಲ್ಲಿ ರಾಜರು ಪೂರ್ವ ಜಾವಾಕ್ಕೆ ಹೋದರು. ಗುಡಿಗಳು ಪಾಳುಬಿದ್ದವು. ಕ್ರಮೇಣ ದೇವಿಯ ಹೆಸರೂ ಊರವರಿಗೆ ಮರೆತಿರಬೇಕು. ಅಷ್ಟು ಚೆಂದದ ಹೆಣ್ಣು ಸುಮ್ನೆ ನಿಂತಿರುತ್ತಾಳಾ? ಅವಳಿಗೊಂದು ಕತೆ ಬೇಕಾಯಿತು. ಪಕ್ಕದ ‘ಸೇವು’ ಗುಡಿಗಳ ಹೆಸರಿನ ಅರ್ಥವೇ ಸಾವಿರ. ಎಣಿಸಿದರೆ 249, ಅದೂ ಬೌದ್ಧರವು. ಲೆಕ್ಕ ತಪ್ಪು, ಒಪ್ಪಿದೆ. ಆದರೆ ಪೂಜೆ ನಿಂತುಹೋದ ಗುಡಿಯ ಪಕ್ಕದಲ್ಲೇ ಭತ್ತ ಕುಟ್ಟಿಕೊಂಡಿದ್ದವರು ಅದನ್ನು ಏನೆಂದುಕೊಂಡಿದ್ದರು? ಅದು ಕಟ್ಟಿಸಿದ ರಾಜನ ಶಾಸನದಲ್ಲಿ ಸಿಗುವುದಿಲ್ಲ, ನಿಮ್ಮ ಗೈಡ್ ಬಾಯಲ್ಲಿ ಸಿಗುತ್ತದೆ. ಇತಿಹಾಸವನ್ನು ಎರಡೇ ಮಾತಲ್ಲಿ ಮುಗಿಸಿದ್ದು ಮಾತ್ರ ಅವನ ಸೋಮಾರಿತನ.

ನೇಪಾಳದಲ್ಲಿ ಇನ್ನೊಂದು ಥರದ ಮಜಾ ಇದೆ. ಕಾಠ್ಮಂಡು ಕಣಿವೆ ಹಿಂದೆ ಸರೋವರವಾಗಿತ್ತು, ಬೌದ್ಧರ ಬೋಧಿಸತ್ವ ಮಂಜುಶ್ರೀ ಚೋಭಾರ್ ಬಳಿ ಕತ್ತಿಯಿಂದ ಬೆಟ್ಟ ಸೀಳಿ ನೀರು ಹರಿಸಿದ, ನೀರಲ್ಲಿದ್ದ ಕಮಲದ ಜಾಗವೇ ಸ್ವಯಂಭೂನಾಥ ಸ್ತೂಪ ಎನ್ನುತ್ತಾರೆ. ಕತ್ತಿಯನ್ನು ನಂಬುವುದು ನಿಮಗೆ ಬಿಟ್ಟದ್ದು. ಸರೋವರ ಇದ್ದದ್ದಂತೂ ನಿಜ. ಅದರ ಮೆತ್ತನೆಯ ಮಣ್ಣು ಈಗಲೂ ನಗರದ ಅಡಿಯಲ್ಲಿದೆ. 2015ರ ಭೂಕಂಪದಲ್ಲಿ ಊರು ಹಾಗೆ ತೂಗಾಡಲು ಅದೂ ಒಂದು ಕಾರಣ. ಬಾಗಮತಿ ನದಿ ಇಂದಿಗೂ ಚೋಭಾರ್ ಕೊರಕಲಿನಿಂದಲೇ ಕಣಿವೆ ದಾಟುತ್ತದೆ. ಸ್ವಯಂಭೂಗೆ ಹೋಗುವ ಮುಂಚೆ ಅಲ್ಲಿ ಹತ್ತು ನಿಮಿಷ ನಿಲ್ಲಿ.

ಶ್ರೀಲಂಕಾದ ಶ್ರೀಪಾದ ಬೆಟ್ಟದಲ್ಲಿ ಕತೆ ಒಂದಲ್ಲ, ಮೂರು. 2,243 ಮೀಟರ್ ಎತ್ತರದ ತುದಿಯಲ್ಲಿ ಒಂದು ಹೆಜ್ಜೆ ಗುರುತಿದೆ. ಬೌದ್ಧರಿಗೆ ಅದು ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಯಾರದು ಸರಿ ಎಂದು ಅಲ್ಲಿ ವಾದ ಹೂಡಬೇಡಿ. ಎಲ್ಲರೂ ಏದುಸಿರು ಬಿಡುತ್ತಿರುತ್ತಾರೆ! ಯಾತ್ರೆಯ ಕಾಲ ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆವರೆಗೆ. ಜಾಸ್ತಿ ಜನ ರಾತ್ರಿ ಹತ್ತಿ ಸೂರ್ಯೋದಯಕ್ಕೆ ತುದಿ ಸೇರುತ್ತಾರೆ. ಸೂರ್ಯನನ್ನು ನೋಡಿದ ಮೇಲೆ ಹಿಂದಕ್ಕೂ ತಿರುಗಿ. ಬೆಟ್ಟದ ನೆರಳು ತ್ರಿಕೋನವಾಗಿ ಮಂಜಿನ ಮೇಲೆ ಬಿದ್ದಿರುತ್ತದೆ. ಮೇಲೆ ವಿಪರೀತ ಚಳಿ, ಸ್ವೆಟರ್ ಮರೆಯಬೇಡಿ.