ರೆಂಡರ್ ಯಂತ್ರಗಳನ್ನು ಹಂಚಿಕೊಳ್ಳುವ ಬಗೆ

ಪ್ರಶ್ನೆ: ನಮ್ಮ ಆನಿಮೇಷನ್ ಸ್ಟುಡಿಯೋದಲ್ಲಿ ಐವರಿಗೆ ಸೇರಿ, ಜಾಲದಲ್ಲಿ ಜೋಡಿಸಿದ 8 ರೆಂಡರ್ ಕಂಪ್ಯೂಟರುಗಳಿವೆ (ದೃಶ್ಯಗಳನ್ನು ಅಂತಿಮ ಚಿತ್ರಗಳಾಗಿ ಸಿದ್ಧಪಡಿಸುವಂಥವು). ಒಬ್ಬರು ಸಂಜೆ ದೊಡ್ಡ ಕೆಲಸ ಹಚ್ಚಿ ಹೋದರೆ ಉಳಿದವರು ಮರುದಿನದವರೆಗೆ ಕಾಯಬೇಕಾಗುತ್ತದೆ. ನ್ಯಾಯವಾಗಿ ಹಂಚಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಲೆಕ್ಕ ನೋಡಿ. ಸೆಕೆಂಡಿಗೆ 24ರಂತೆ 30 ಸೆಕೆಂಡಿನ ಜಾಹೀರಾತಿಗೆ 720 ಫ್ರೇಮುಗಳು, ಅಂದರೆ ಬಿಡಿ ಚಿತ್ರಗಳು, ಬೇಕು; ಒಂದೊಂದಕ್ಕೆ 10 ನಿಮಿಷ ಹಿಡಿದರೆ 8 ಯಂತ್ರಗಳೂ ಸೇರಿ 15 ಗಂಟೆ ದುಡಿಯಬೇಕು. ಹಾಗಾಗಿ ಮೊದಲು ಬಂದವರಿಗೆ ಮೊದಲು ಎಂಬ ಸರದಿ, ಮೇಲ್ನೋಟಕ್ಕೆ ಎಷ್ಟೇ ಸಮಾನವೆನಿಸಿದರೂ, ಕೇವಲ 20 ಫ್ರೇಮು ಪರೀಕ್ಷಿಸಬೇಕಾದವರಿಗೆ ಅನ್ಯಾಯವನ್ನೇ ಮಾಡುತ್ತದೆ. ಯಂತ್ರಗಳನ್ನು ಒಬ್ಬೊಬ್ಬರಿಗೆ ಶಾಶ್ವತವಾಗಿ ಬಿಟ್ಟುಕೊಡುವುದೂ ಸರಿಯಲ್ಲ. ಅವರು ರಜೆಯಲ್ಲಿದ್ದಾಗ ಅವು ಸುಮ್ಮನೆ ಕೂರುತ್ತವೆ.

ಗೂಗಲ್ ಮತ್ತು ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ 2019ರಲ್ಲಿ ಮುಕ್ತವಾಗಿ ಒದಗಿಸಿದ ಓಪನ್‌ಕ್ಯೂ ಎಂಬ, ರೆಂಡರ್ ಕೆಲಸಗಳನ್ನು ಯಂತ್ರಗಳಿಗೆ ಹಂಚುವ ತಂತ್ರಾಂಶದಲ್ಲಿ ಪ್ರತಿ ಯೋಜನೆಗೂ ಖಾತರಿಯ ಪಾಲೊಂದನ್ನೂ, ಯಂತ್ರಗಳು ಖಾಲಿಯಿದ್ದಾಗ ಎಷ್ಟರವರೆಗೆ ಹಿಗ್ಗಬಹುದೆಂಬ ಮಿತಿಯೊಂದನ್ನೂ ನಿಗದಿಪಡಿಸಬಹುದು. ನಿಮಗೂ ಇದೇ ತತ್ತ್ವ ಒಪ್ಪುತ್ತದೆ: ತಲಾ ಒಂದು ಯಂತ್ರ ಖಾತರಿ, ಉಳಿದ ಮೂರು ಯಾರಿಗೆ ಬೇಕೋ ಅವರಿಗೆ.

ಆದರೆ ಸಹೋದ್ಯೋಗಿಯ ಸರದಿ ಬಂತೆಂದು ನಡೆಯುತ್ತಿರುವ ಫ್ರೇಮನ್ನು ದಯವಿಟ್ಟು ಕೊಲ್ಲಬೇಡಿ, ಅಲ್ಲಿಯವರೆಗಿನ ದುಡಿಮೆಯೆಲ್ಲ ವ್ಯರ್ಥವಾಗುತ್ತದೆ. ಕೆಲಸವನ್ನು ಒಂದೊಂದೇ ಫ್ರೇಮಾಗಿ ಒಡೆದು ಕಳುಹಿಸಿದರೆ ಹತ್ತು ನಿಮಿಷದೊಳಗೆ ಯಂತ್ರ ತಾನಾಗಿ ಬಿಡುವಾಗುತ್ತದೆ. ಯಾವ ಕೆಲಸ ಮೊದಲು ಎಂದು ತಿಳಿಸುವ ಆದ್ಯತೆಯ ಸಂಖ್ಯೆಯನ್ನು ಏರಿಸುವ ಅಧಿಕಾರ ಮಾತ್ರ ಒಬ್ಬರ ಕೈಯಲ್ಲೇ ಇರಲಿ. ಎಲ್ಲರಿಗೂ ಕೊಟ್ಟರೆ ವಾರದೊಳಗೆ ಎಲ್ಲರ ಕೆಲಸವೂ ಅತಿ ತುರ್ತಿನದಾಗಿರುತ್ತದೆ.