ಪ್ರತಿಕ್ರಿಯೆ: ಮನಾಲಿ–ಲೇಹ್ ದಾರಿಯ ಸರ್ಚುವಿನಲ್ಲಿ ತಲೆನೋವು, ವಾಂತಿ

ಹೋದ ಸಲ ಬೈಕಲ್ಲಿ ಲೇಹ್‌ಗೆ ಹೊರಟಾಗ ಸರ್ಚುವಿನಲ್ಲಿ ತಲೆನೋವು, ವಾಂತಿ ಯಾಕೆ ಬಂತು, ಮತ್ತೆ ಹೋಗುವಾಗ ಏನು ಮಾಡಬೇಕು ಎಂದು ಕೇಳಿದ್ದೀರಿ. ಮನಾಲಿಯಿಂದ ಹೊರಟ ರಾತ್ರಿಯೇ ಸರ್ಚುವಿನಲ್ಲಿ ಮಲಗಿದ್ದು ಕಾರಣ ಇರಬೇಕು. ನೀವು ಅಂದುಕೊಂಡಂತೆ ಊಟದ್ದೂ ಇರಬಹುದು, ಆದರೆ ತಲೆನೋವು ಮೊದಲು ಬಂತು ಅಂದಿದ್ದೀರಿ, ಹಾಗಾಗಿ ನನಗೆ ಎತ್ತರದ ಮೇಲೇ ಅನುಮಾನ. ನಿಮ್ಮೂರು ದಾವಣಗೆರೆ ಇರುವುದು ಸುಮಾರು 600 ಮೀಟರ್‌ನಲ್ಲಿ, ಮನಾಲಿ 2,000, ಸರ್ಚು 4,290. ಮನಾಲಿ ಬಳಿಯ ಅಟಲ್ ಸುರಂಗ ರಸ್ತೆ ತೆರೆದಮೇಲೆ ದಾರಿ ಬೇಗ ಸಾಗುತ್ತದೆ, ದೇಹ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಈ ಸಲ ಮೊದಲು ಕೇಲಾಂಗ್‌ಗಿಂತ ಮುಂಚೆ ಸಿಗುವ ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿ, ಒಂದು ಕ್ಯಾನ್ ಪೆಟ್ರೋಲೂ ಇರಲಿ; ಮುಂದೆ 300 ಕಿ.ಮೀ.ಗೂ ಹೆಚ್ಚು ದೂರ ಬಂಕ್ ನಂಬಬೇಡಿ. ಆಮೇಲೆ ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಕನಿಷ್ಠ ಎರಡು ರಾತ್ರಿ, ಸಾಧ್ಯವಾದರೆ ಮೂರು ರಾತ್ರಿ ಉಳಿಯಿರಿ. ಇವು ಜನ ವರ್ಷವಿಡೀ ಬಾಳುವ ಊರುಗಳು, 3,100–3,200 ಮೀಟರ್. ಸರ್ಚು, ಅದರಾಚೆಯ ಪಾಂಗ್ ಬರೀ ಬೇಸಿಗೆಯ ಟೆಂಟುಗಳು. ನಡುವಿನ ದಿನ ಇನ್ನೂ ಎತ್ತರದಲ್ಲಿರುವ ದೀಪಕ್ ತಾಲ್ ಕೆರೆಯವರೆಗೆ ಹೋಗಿ, ಒಂದೆರಡು ಗಂಟೆ ಕೂತು, ಕೆಳಗೆ ಬಂದು ಮಲಗಿ. ಹತ್ತಿರದ ಪಾತ್ಸಿಯೊದಲ್ಲಿ ಹಿಂದೆ ಲಡಾಖ್, ಟಿಬೆಟ್ ಕಡೆಯ ವ್ಯಾಪಾರಿಗಳ ಸಂತೆ ಸೇರುತ್ತಿತ್ತು, ಆ ಜಾಗವನ್ನೂ ನೋಡಿ.

ಅಲ್ಲಿಂದ ಮುಂದಕ್ಕೆ ಹೊರಡುವ ದಿನ ಬೆಳಿಗ್ಗೆ 5ಕ್ಕೇ ಬಿಡಿ. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳು ಉಕ್ಕುತ್ತವೆ.

ಜಿಸ್ಪಾದಲ್ಲೇ ತಲೆನೋವಿದ್ದರೆ ದಯವಿಟ್ಟು ಮುಂದೆ ಹೋಗಬೇಡಿ. ಸರ್ಚುವಿನಿಂದ ಇಳಿಯಬೇಕೆಂದರೂ ಮೊದಲು 4,890 ಮೀಟರ್‌ನ ಬಾರಾಲಾಚಾ ಘಾಟಿ ಹತ್ತಬೇಕು, ಲೇಹ್ ಕಡೆಗೂ ಎತ್ತರದ ಘಾಟಿಗಳೇ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಊರಲ್ಲೇ ಡಾಕ್ಟರನ್ನು ಕೇಳಿ, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ. ನಡಿಗೆ ತೂರಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆಕ್ಸಿಜನ್ ಹಾಕಿಸಿ, ಗಾಡಿಯಲ್ಲಿ ಕೇಲಾಂಗ್ ಆಸ್ಪತ್ರೆಗೆ ಹೊರಡಿ, ಬೈಕ್ ಅಲ್ಲೇ ಇರಲಿ.